ಅಕ್ಕ ಕೂತ ಕೊಪ್ಪರಿಗೆ

ಹೆರಿಗೆ ನೋವು ತಿನ್ನುತ್ತಿದ್ದ ಅಕ್ಕನಿಗೆ ಕೂರಲು ಕೊಪ್ಪರಿಗೆ ತಾ ಎಂದರೆ, ಕೈಗೆ ಹತ್ತಿರವಿದ್ದದ್ದನ್ನೇ ಹೊತ್ತು ತಂದ ಮಹಾಮೂರ್ಖ ನಾನು. ನನ್ನ ದಡ್ಡತನಗಳಲ್ಲಿ ಮೊದಲ ಸ್ಥಾನ ಇದಕ್ಕೇ. ಎರಡನೆಯದು ಬಹಳ ಹಿಂದೆ ಬಿದ್ದಿದೆ.

ಚೊಚ್ಚಲ ಹೆರಿಗೆಗೆಂದು ಅಕ್ಕ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದಿದ್ದಳು. ನಸುಕಿಗೆ ಶುರುವಾದ ನೋವು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಗೋಡೆ ಹಿಡಿದು ನಿಲ್ಲುತ್ತಿದ್ದಳು, ಕೂರುತ್ತಿದ್ದಳು, ಮತ್ತೆ ನಿಲ್ಲುತ್ತಿದ್ದಳು. ಸೂಲಗಿತ್ತಿ ಅಜ್ಜಿ ಹೊರಗೆ ಬಂದಳು.

"ಸೊಂಟ ಮುಳುಗೋವಷ್ಟು ಬೆಚ್ಚನೆ ನೀರಾಗೆ ಕುಂದ್ರಿಸಿದ್ರೆ ತಡಕಂತಾಳೆ. ಅಗಲದ್ದೊಂದು ಕೊಪ್ಪರಿಗೆ ತಗಂಬಾರಲೇ."

ಬೀದಿಯ ಕೊನೆಗೆ ರೇಷ್ಮೆ ನೂಲಿಗೆ ಬಣ್ಣ ಹಾಕುವವರ ಮನೆ. "ಒಳಗಡೆ ಇರೋದು ನೂಲು ತೊಳೆಯೋದು. ಅದನ್ನೇ ತಗಂಡೋಗಪ್ಪ" ಎಂದರು ಮನೆಯಾಕೆ. ಅದು ಮೂಲೆಯಲ್ಲಿತ್ತು, ಭಾರವಾಗಿತ್ತು. ಬಾಗಿಲಲ್ಲೇ ಇನ್ನೊಂದು ಬೋರಲು ಬಿದ್ದಿತ್ತು. ಅದನ್ನೇ ತಲೆ ಮೇಲೆ ಹೊತ್ತೆ. ಒಳಗೆ ಕೆಂಪಗಿತ್ತು, ನಿಜ. ತಾಮ್ರ ಕೆಂಪಗಿರದೆ ಬೆಳ್ಳಗಿರುತ್ತದೆಯೇ ಎಂದುಕೊಂಡು ಎರಡು ಚೊಂಬು ನೀರು ಎರಚಿ ತೊಳೆದ ಶಾಸ್ತ್ರ ಮಾಡಿದೆ. ಬೀದಿಯ ಬೋರ್‌ವೆಲ್ ಪಂಪು ಒತ್ತಿ ಹದಿನಾಲ್ಕು ಕೊಡ ಹೊತ್ತೆ. ಹನ್ನೆರಡನೆಯದಕ್ಕೆ ನನಗೂ ಹೆರಿಗೆಯಾಗುತ್ತದೆ ಅನ್ನಿಸಿತು. ಅವ್ವ ಕಾಯಿಸಿ ಹದ ಮಾಡಿದಳು.

ಅಕ್ಕ ನೀರಿಗಿಳಿದಳು. ಬಚ್ಚಲ ಬಾಗಿಲಾಚೆ ಕೂತಿದ್ದ ನನಗೆ, ಬೆಳಗಿನಿಂದ ಮೊದಲ ಸಲ ಅವಳ ನರಳಾಟ ನಿಂತು ಉದ್ದನೆಯ ಉಸಿರೊಂದು ಕೇಳಿಸಿತು. ಗೋಡೆಗೊರಗಿ ಕಣ್ಣು ಮುಚ್ಚಿದೆ.

"ಅಯ್ಯೋ, ರಕ್ತ!"

ಅವ್ವ ಕಿರುಚಿದಳು. ನೀರೆಲ್ಲ ಕೆಂಪಾಗಿತ್ತಂತೆ. ಅವಳೂ ಅಜ್ಜಿಯೂ ಸೇರಿ ಅಕ್ಕನನ್ನು ಎಬ್ಬಿಸಿದರು. ನೋವು ಮತ್ತೆ ಅವಳನ್ನು ಹಿಡಿದುಕೊಂಡಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಕೆಂಪು ಅಂಗೈ ಚಾಚಿಕೊಂಡು ಹೊರಗೆ ಬಂದಳು.

"ರಕ್ತ ಅಲ್ಲ, ಸೀರೆ ಬಣ್ಣ! ಹುಟ್ಟೋಕ್ ಮುಂಚೆನೇ ಕೂಸನ್ನ ಬಣ್ಣದಾಗೆ ಅದ್ದಾಕೆ ಹೊಂಟಿದ್ದೀಯೇನಲೇ?"

ಓಡಿಹೋಗಿ ಮೂಲೆಯ ಕೊಪ್ಪರಿಗೆ ತಂದೆ. ಮತ್ತೆ ಹದಿನಾಲ್ಕು ಕೊಡ. ಈ ಸಲ ತಮಾಷೆಯೇನೂ ಹೊಳೆಯಲಿಲ್ಲ. ಅಕ್ಕ ಮತ್ತೆ ನೀರಲ್ಲಿ ಕೂತಳು. ಹೊತ್ತು ಇಳಿಯುವಾಗ ಎದ್ದು ಬಂದು ಚಾಪೆಯ ಮೇಲೆ ಹೆತ್ತಳು. ಹೆಣ್ಣು ಕೂಸು. ಅದರ ಬಣ್ಣ ಅದರದ್ದೇ.

ಬಾಣಂತನದಲ್ಲೊಂದು ದಿನ ಅಕ್ಕನ ಮುಂದೆ ಕೂತು ತಪ್ಪಾಯಿತೆಂದೆ. ಅವಳು ಕೂಸನ್ನು ತಟ್ಟುತ್ತಾ ಮೆಲ್ಲಗೆ ಹೇಳಿದಳು:

"ನೀರು ಕೆಂಪಾಗಿದ್ದು ಅವ್ವನಿಗಿಂತ ಮುಂಚೆ ನಾನೇ ನೋಡಿದ್ದೆ ಕಣೋ. ರಕ್ತ ಅಂತಾನೇ ಅನ್ಕಂಡೆ. ಆದ್ರೆ ಅಷ್ಟು ಹಾಯ್ ಅನ್ನಿಸ್ತಿತ್ತು, ಬಾಯ್ಬಿಟ್ರೆ ಎಬ್ಬಿಸ್ತಾರೆ ಅಂತ ಸುಮ್ನೆ ಕುಂತಿದ್ದೆ."