ಮೂಗಿನ ಬದಲಿಗೊಂದು ಪ್ಲೇಯರ್

ಬೇಕರಿಯಲ್ಲಿ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಅವನೇನೂ ಹಾಡುತ್ತಿರಲಿಲ್ಲ. ಹಾಡುತ್ತಿದ್ದದ್ದು ಓವನ್ನಿನ ಪಕ್ಕದ ಕಪಾಟಿನ ಮೇಲಿದ್ದ, ಮೈದಾ ಧೂಳು ಕುಡಿದು ಮುದುಕನ ಹಾಗೆ ನೆರೆತುಹೋದ ಒಂದು ಕಂಪ್ಯೂಟರ್. ಅದರೊಳಗಿನ ಹಾಡುಗಳನ್ನೆಲ್ಲ ಅವನೇ ವರ್ಷಗಟ್ಟಲೆ ಕೂಡಿಹಾಕಿದ್ದ. ಕೆಲವು ಗೆಳೆಯರ ಸೀಡಿಗಳಿಂದ ಎತ್ತಿದವು, ಕೆಲವು ಅಪ್ಪನ ಕ್ಯಾಸೆಟ್ಟುಗಳಿಂದ ತಾನೇ ವೈರು ಜೋಡಿಸಿ ಇಳಿಸಿಕೊಂಡವು. ಜನ ಚಿನ್ನ ಕೂಡಿಡುತ್ತಾರೆ, ಕೆಲವರು ಜಗಳ ಕೂಡಿಡುತ್ತಾರೆ, ಇವನು ಹಾಡು ಕೂಡಿಟ್ಟ. ಕೂಡಿಟ್ಟಿದ್ದನ್ನು ಒಂದೇ ಸಾಲಿನಲ್ಲಿ, ದಿನವೂ ಅದೇ ಸಾಲಿನಲ್ಲಿ, ಕೇಳುತ್ತಿದ್ದ.

ಬೇಕರಿ ಅವನ ಅಕ್ಕನದು. ಮುಂದೆ ಗಲ್ಲಾದಲ್ಲಿ ಅಕ್ಕ, ಹಿಂದೆ ಓವನ್ನಿನಲ್ಲಿ ತಮ್ಮ, ನಡುವೆ ಒಂದು ಪ್ಲಾಸ್ಟಿಕ್ ಪರದೆ. ಪಕ್ಕದ ಮೇಜಿನಲ್ಲಿ ಕೇಕುಗಳ ಮೇಲೆ ಗುಲಾಬಿ ಅರಳಿಸುವ ಕ್ರೀಮಣ್ಣ. ಕ್ರೀಮಣ್ಣನಿಗೆ ಓವನ್ನಿನ ಮೇಲೆ ಕಣ್ಣು, ರೇಡಿಯೋಗೆ ಕ್ರೀಮಣ್ಣನ ಮೇಲೆ ಕಣ್ಣು.

ಬೇಕರಿಯ ದೊಡ್ಡ ಗಿರಾಕಿ ಆಸ್ಪತ್ರೆಯ ಅಡುಗೆಮನೆ. ಅವರಿಗೆ ನಾಲ್ಕು ಮೂಲೆಯೂ ಸಮನಾದ, ಇಟ್ಟಿಗೆಯಂಥ ಬ್ರೆಡ್ಡೇ ಬೇಕು. ಅದನ್ನು ಮುಚ್ಚಳ ಹಾಕಿದ ಡಬ್ಬಿಗಳಲ್ಲಿ ಬೇಯಿಸಬೇಕು. ಮುಚ್ಚಳ ಹಾಕಿದ ಮೇಲೆ ಬಣ್ಣ ಕಾಣುವುದಿಲ್ಲ, ಉಬ್ಬಿದ್ದು ಕಾಣುವುದಿಲ್ಲ. ಬೆಂದಿತೋ ಇಲ್ಲವೋ ಎಂದು ಹೇಳಬೇಕಾದದ್ದು ಮೂಗು ಮಾತ್ರ. ರೇಡಿಯೋನ ಮೂಗಂತೂ ಊರಿಗೇ ಗೊತ್ತು. ತನ್ನ ಮೂಗಿನ ಜಂಬದಲ್ಲಿ ಅವನು ಹಿಂದೊಮ್ಮೆ ಗೋಡೆಯ ಗಡಿಯಾರವನ್ನೇ ಕೀಳಿಸಿದ್ದ.

“ಗಡಿಯಾರ ನೋಡಿ ಬ್ರೆಡ್ ತೆಗೆಯೋನು ಬೇಕರ್ ಅಲ್ಲ ಕಣ್ರೀ, ಸ್ಟೇಷನ್ ಮಾಸ್ಟರು!” ಅಂತ ಎಲ್ಲರೆದುರು ಅಂದಿದ್ದ.

ಆಮೇಲೆ ಒಂದು ಜ್ವರ ಬಂತು, ಹೋಯಿತು. ಹೋಗುವಾಗ ಮೂಗನ್ನು ಮುಖದ ಮೇಲೆಯೇ ಬಿಟ್ಟು, ಅದರ ಕೆಲಸವನ್ನಷ್ಟೇ ಹೊತ್ತೊಯ್ದಿತು. ಯೀಸ್ಟಿಲ್ಲ, ಬೆಣ್ಣೆಯಿಲ್ಲ, ಸೀದದ್ದೂ ಇಲ್ಲ. ಮುಖದ ನಡುವೆ ಬಾಗಿಲು ಮುಚ್ಚಿದ ಅಂಗಡಿಯೊಂದು ಕೂತ ಹಾಗಾಯಿತು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದ. ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಕ್ಕ ಅಳುತ್ತಾಳೆ, ಅತ್ತು ಮುಗಿದ ಮೇಲೆ ಓವನ್ನನ್ನು ಕ್ರೀಮಣ್ಣನಿಗೆ ಕೊಡುತ್ತಾಳೆ, ತನ್ನನ್ನು ಗಲ್ಲಾದ ಪಕ್ಕ ಬಿಸ್ಕತ್ತು ತೂಗಲು ಕೂರಿಸುತ್ತಾಳೆ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಈಗ ಕೈಗೆ ಗಡಿಯಾರ ಕಟ್ಟಿಕೊಂಡರೆ ಎಲ್ಲರೂ ನಗುತ್ತಾರೆ, ಗುಟ್ಟೂ ಬಯಲಾಗುತ್ತದೆ. ಅವನನ್ನು ಉಳಿಸಿದ್ದು ಹಾಡುಗಳು. ಓವನ್ನಿನ ಬಾಗಿಲು ಹಾಕುತ್ತಲೇ ಮೊದಲ ಹಾಡು ಹಾಕುವುದು ಅವನ ಹಳೇ ಅಭ್ಯಾಸ. ಬ್ರೆಡ್ಡಿನ ಪರಿಮಳ ಏಳುವ ಹೊತ್ತಿಗೆ ಯಾವಾಗಲೂ ಒಂದು ಅಳುಬುರುಕ ಹಾಡು ಮುಗಿಯುತ್ತಿದ್ದದ್ದು ಅವನಿಗೆ ನೆನಪಾಯಿತು. ಅಳು ನಿಂತ ಕೂಡಲೇ ಡಬ್ಬಿ ಹೊರಗೆ. ಮೂಗಿನ ಕೆಲಸವನ್ನು ಕಿವಿಗೆ ವರ್ಗ ಮಾಡಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ನಡೆಸುತ್ತಿದ್ದ.

ಒಂದು ದಿನ ಅಕ್ಕ ಪರದೆ ಸರಿಸಿ ಒಳಗೆ ಬಂದಳು.

“ಲೋ, ಸೋಮವಾರದಿಂದ ಬಿಲ್ಲೆಲ್ಲ ಕಂಪ್ಯೂಟರಲ್ಲೇ. ಇದನ್ನ ಮುಂದಕ್ಕೆ ತಗೊಂಡು ಹೋಗ್ತೀನಿ.”

“ಇದನ್ನಾ? ಹಾಡು?”

“ಗಿರಾಕಿಗಳಿಗೆ ಬಿಲ್ ಕೊಡೋವಾಗ ಹಾಡೂ ಹೇಳ್ಬೇಕೇನೋ? ಕಿವಿಗೆ ಸಿಕ್ಕಿಸ್ಕೊಳ್ಳೋದು ಏನಾದ್ರೂ ತಗೋ.”

ಫೋನು ಕೂಡದು. ಹಿಂದೆ ಮೈದಾ ತಂದಿಳಿಸುವವನ ಫೋನು ಹಿಟ್ಟು ಕಲಸುವ ಮೆಷೀನಿಗೆ ಬಿದ್ದು, ಅರ್ಧ ಹಿಟ್ಟಿನೊಳಗೆ ಮುಳುಗಿಯೂ ರಿಂಗಾಗುತ್ತಿತ್ತು. ಅವತ್ತಿನಿಂದ ಪರದೆಯ ಒಳಗೆ ಯಾರೂ ಫೋನು ತರುವಂತಿರಲಿಲ್ಲ. ಸಣ್ಣದೊಂದು ಪ್ಲೇಯರ್ ಕೊಳ್ಳದೆ ಗತಿಯಿರಲಿಲ್ಲ. ಹಾಡು ತಪ್ಪಿದರೆ ಪಾಡು ತಪ್ಪಿದ್ದಲ್ಲ.

ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೆಂಡತಿಯೂ ಜೊತೆಗೆ ಬಂದಳು. ಅಂಗಡಿಯವನು ಕೇಳಿ ನಕ್ಕ.

“ಪ್ಲೇಯರಾ? ಈಗ ಯಾರು ಸಾರ್ ಅದನ್ನ ತಗೊಳ್ತಾರೆ? ನೀವು ಮತ್ತೆ ನಮ್ಮ ತಾತ!”

“ನಿಮ್ಮ ತಾತ ಯಾವ್ದು ತಗೊಂಡ್ರು, ಅದನ್ನೇ ತೋರಿಸಿ,” ಎಂದಳು ಹೆಂಡತಿ.

ಮೊದಲು ಬಂದದ್ದು ಗಾಜಿನ ಹಲಗೆಯಂಥದ್ದು, ಮುಟ್ಟಿದರೆ ಕೆಲಸ ಮಾಡುವಂಥದ್ದು. ರೇಡಿಯೋ ಚೀಲದಿಂದ ತನ್ನ ಓವನ್ ಗ್ಲೋವ್ಸ್ ತೆಗೆದು ಹಾಕಿಕೊಂಡು ಮುಟ್ಟಿದ. ಪ್ಲೇಯರ್ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂಗಡಿಯವನು ಇವನನ್ನೊಮ್ಮೆ, ಗ್ಲೋವ್ಸನ್ನೊಮ್ಮೆ ನೋಡಿ ಎರಡನೆಯದನ್ನು ತೆಗೆದ. ಅದು ಬೆರಳಿನಷ್ಟು ಚಿಕ್ಕದು.

“ಇದಕ್ಕೆ ಸ್ಕ್ರೀನೇ ಇಲ್ಲ ಸಾರ್. ಹಾಡುಗಳನ್ನ ತಾನೇ ಕಲಸಿ ಕಲಸಿ ಹಾಕುತ್ತೆ. ಮುಂದೆ ಯಾವ್ದು ಬರುತ್ತೋ ಗೊತ್ತೇ ಆಗಲ್ಲ, ಅದೇ ಮಜಾ.”

“ಕಲಸೋಕೆ ನಮ್ಮಲ್ಲಿ ಮೆಷೀನಿದೆ. ನಂಗೆ ಸಾಲಾಗಿ ಬೇಕು. ನಾನಿಟ್ಟ ಸಾಲಲ್ಲೇ.”

“ಸಾಲು ತಪ್ಪಿದ್ರೆ ಏನ್ರೀ ಆಗುತ್ತೆ?” ಹೆಂಡತಿ ಕೇಳಿದಳು. “ಹಾಡು ತಾನೆ?”

ಅವನು ಇನ್ನೊಂದನ್ನು ತೆಗೆಯಲು ಅಂಗಡಿಯವನಿಗೆ ಸನ್ನೆ ಮಾಡಿದ. ಅವಳಿಗೆ ಅನುಮಾನ ಮೊದಲೇ ಇತ್ತು. ಹಿಂದಿನ ವಾರ ಒಲೆಯ ಮೇಲೆ ಹಾಲು ಉಕ್ಕಿ ಸೀದು ಮನೆಯೆಲ್ಲ ನಾರುತ್ತಿದ್ದಾಗ, ಈ ಮನುಷ್ಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ.

ಮೂರನೆಯದಕ್ಕೆ ಗುಂಡಿಗಳಿದ್ದವು. ಗ್ಲೋವ್ಸಿನ ಕೈಗೂ ಸಿಕ್ಕವು. ಫೋಲ್ಡರಿನಲ್ಲಿದ್ದ ಸಾಲಿನಲ್ಲೇ ಹಾಡುತ್ತಿತ್ತು. ಶಾಖ ತಡೆಯುತ್ತದೆಯೇ, ಬಿದ್ದರೆ ಒಡೆಯುತ್ತದೆಯೇ, ಹಿಟ್ಟು ಹೊಕ್ಕರೆ ಏನು ಗತಿ, ನಡುವೆ ತಾನಾಗಿ ನಿಂತುಬಿಡುತ್ತದೆಯೇ ಎಂದು, ಹೆಣ್ಣು ಕೊಡುವವರು ಗಂಡಿನ ಬಗ್ಗೆ ಕೇಳುವ ಹಾಗೆ ಎಲ್ಲವನ್ನೂ ಕೇಳಿದ.

“ಎಂಪಿತ್ರೀ ಎಲ್ಲ ಹಾಡುತ್ತೆ ಸಾರ್, ಕಣ್ಣುಮುಚ್ಚಿಕೊಂಡು ತಗೊಳ್ಳಿ,” ಎಂದ ಅಂಗಡಿಯವನು.

ರೇಡಿಯೋನ ಕಿವಿಗೆ ಬಿದ್ದದ್ದು ‘ಎಲ್ಲ’ ಮಾತ್ರ. ಮನೆಯಲ್ಲಿ ಹಾಡುಗಳನ್ನು ತುಂಬಿ ಪರೀಕ್ಷೆ ಮಾಡಿದ. ಮೊದಲನೆಯದು ಬಂತು, ಕೊನೆಯದು ಬಂತು. ನಡುವಿನವು ಎಲ್ಲಿಗೆ ಹೋಗುತ್ತವೆ? ಪೂರ್ತಿ ಕೇಳುವ ಧೈರ್ಯ ಅವನಿಗಿರಲಿಲ್ಲ. ಆ ಸಾಲು ಶುರುವಾದರೆ ಸಾಕು, ಮನೆಯಲ್ಲಿದ್ದರೂ ಎಲ್ಲೋ ಏನೋ ಸೀಯುತ್ತಿದೆ ಎಂದು ಎದ್ದು ಒಲೆಯ ಹತ್ತಿರ ಓಡುತ್ತಿದ್ದ.

ಸೋಮವಾರ ಕಂಪ್ಯೂಟರ್ ಮುಂದಕ್ಕೆ ಹೋಯಿತು. ರೇಡಿಯೋ ಡಬ್ಬಿಗಳನ್ನು ಒಳಗಿಟ್ಟು, ಬಾಗಿಲು ಹಾಕಿ, ಜೇಬಿನ ಗುಂಡಿ ಒತ್ತಿದ. ಮೊದಲ ಹಾಡು, ಎರಡನೆಯದು, ಎಲ್ಲ ಸರಿ. ಅಷ್ಟರಲ್ಲಿ ಅಕ್ಕ ಬಂದಳು. ಬಿಲ್ಲಿನ ಕಂಪ್ಯೂಟರ್ ಬನ್ನನ್ನು ಗುರುತಿಸುತ್ತಿಲ್ಲ, ಎಲ್ಲವನ್ನೂ ಕೇಕೇ ಅನ್ನುತ್ತಿದೆ ಎಂದು ದೂರು. ಅವನು ಮರ್ಯಾದೆಗೆ ಇಯರ್‌ಫೋನ್ ಕಿತ್ತು ತಲೆಯಾಡಿಸಿದ. ಅವಳು ಹೋದ ಮೇಲೆ ಮತ್ತೆ ಸಿಕ್ಕಿಸಿಕೊಂಡರೆ ಅಳುಬುರುಕ ಹಾಡು ಆಗಲೇ ನಡೆದಿತ್ತು. ಇಷ್ಟು ಬೇಗ? ಆದರೆ ಅಕ್ಕ ಮಾತಿಗೆ ನಿಂತರೆ ಹೊತ್ತು ಹೋಗಿದ್ದು ಯಾರಿಗೆ ತಾನೇ ತಿಳಿಯುತ್ತದೆ? ಅಳು ನಿಂತಿತು. ಡಬ್ಬಿಗಳನ್ನು ಎಳೆದ, ಮುಚ್ಚಳ ಸರಿಸಿದ.

ಬಿಳಿ. ಬೆಂದ ಬಿಳಿಯಲ್ಲ, ಹಸೀ ಹಿಟ್ಟಿನ ಬಿಳಿ. ಬೆರಳಿಟ್ಟರೆ ಒಳಕ್ಕೇ ಹೋಯಿತು. ಒಂದೊಂದೇ ಮುಚ್ಚಳ ತೆಗೆದ. ಎಲ್ಲವೂ ರೋಗಿಗಳ ಮುಖದ ಹಾಗೆ ಅವನನ್ನೇ ನೋಡುತ್ತಿದ್ದವು.

ಪ್ಲೇಯರನ್ನು ಹಿಂದಕ್ಕೆ ಒತ್ತಿದ. ಅಪ್ಪನ ಕ್ಯಾಸೆಟ್ಟಿನಿಂದ ಇಳಿಸಿದ್ದ ಆ ಉದ್ದನೆಯ ಆಲಾಪ, ಬ್ರೆಡ್ಡು ಅರ್ಧ ಬೇಯುವಷ್ಟು ಹೊತ್ತು ಎಳೆಯುತ್ತಿದ್ದದ್ದು, ಪ್ಲೇಯರಿನ ಸ್ಕ್ರೀನಿನ ಮೇಲೆ ಬರೀ ಹೆಸರಾಗಿ ಇತ್ತು. ಒತ್ತಿದರೆ ಮಿಂಚಿ ಮಾಯವಾಗಿ ಮುಂದಿನ ಹಾಡು ಬರುತ್ತಿತ್ತು. ಅಪ್ಪನ ಹಾಡುಗಳನ್ನು ಅವನು ಎಂಪಿತ್ರೀ ಅಲ್ಲದ ಬೇರೆ ಬಗೆಯ ಫೈಲುಗಳಾಗಿ ಇಳಿಸಿದ್ದ. ಪ್ಲೇಯರ್ ಜಾತಿ ನೋಡಿ, ತನಗಾಗದ್ದನ್ನು ತುಟಿಪಿಟಕ್ಕೆನ್ನದೆ ದಾಟಿಹೋಗಿತ್ತು.

ಎರಡನೇ ಸರದಿಯ ಡಬ್ಬಿಗಳಲ್ಲಿ ಹಿಟ್ಟು ಉಬ್ಬಿ ಮುಚ್ಚಳ ತಟ್ಟುತ್ತಿತ್ತು. ಈಗಲೇ ಒಳಗಿಡಬೇಕು, ಇಲ್ಲದಿದ್ದರೆ ಅದೂ ಹಾಳು. ಒಳಗಿಟ್ಟರೆ ಯಾವಾಗ ತೆಗೆಯಬೇಕು? ಅವನ ಬಳಿ ಮೂಗೂ ಇರಲಿಲ್ಲ, ಹಾಡೂ ಇರಲಿಲ್ಲ. ಹೊರಗೆ ಆಸ್ಪತ್ರೆಯ ವ್ಯಾನಿನವನು ಹಾರ್ನ್ ಹೊಡೆದ.

ರೇಡಿಯೋ ಡಬ್ಬಿಗಳನ್ನು ಒಳಗಿಟ್ಟು ಬಾಗಿಲು ಹಾಕಿದ. ಆಮೇಲೆ ಕ್ರೀಮಣ್ಣನ ಮೇಜಿನ ಮುಂದೆ ಹೋಗಿ ನಿಂತ. ಕ್ರೀಮಣ್ಣ ಗುಲಾಬಿಯ ಕೊನೆಯ ಎಸಳು ಬಿಡುತ್ತಿದ್ದ.

“ಕ್ರೀಮಣ್ಣ, ಸ್ವಲ್ಪ ಬಂದು ಓವನ್ ಹತ್ರ ನಿಂತ್ಕೋ.”

“ಯಾಕೆ, ನಿನ್ನ ಓವನ್ನಿಗೆ ಗುಲಾಬಿ ಹಾಕ್ಬೇಕಾ?”

“ಬ್ರೆಡ್ ಬೆಂದ ವಾಸನೆ ಬಂದಾಗ ಹೇಳು.” ರೇಡಿಯೋ ತನ್ನ ಮೂಗು ತೋರಿಸಿದ. “ನಂಗೆ ಬರಲ್ಲ. ಜ್ವರ ಬಂದಾಗಿಂದ ಬರಲ್ಲ.”

ಕ್ರೀಮಣ್ಣ ನಗಲು ಬಾಯಿ ತೆರೆದವನು ಮೇಜಿನ ಮೇಲಿದ್ದ ಹಸೀ ಬ್ರೆಡ್ಡುಗಳನ್ನು ಕಂಡು ಮುಚ್ಚಿಕೊಂಡ. ಪರದೆಯ ಬಳಿ ಅಕ್ಕ ನಿಂತಿದ್ದಳು. ವ್ಯಾನಿನವನ ಅವಸರ ಹೇಳಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಜ್ವರ ಬಂದಾಗಿಂದಾನಾ? ಇಷ್ಟು ದಿನ ಮೂಗಿಲ್ದೇನೇ ಬೇಯಿಸ್ತಿದ್ಯೇನೋ? ಆಸ್ಪತ್ರೆಯೋರಿಗೆ?”

“ಹಾಡು ಇತ್ತಲ್ಲಕ್ಕಾ.”

“ಹಾಡಂತೆ! ಡಾಕ್ಟ್ರಿಗೆ ತೋರಿಸ್ದ್ಯಾ?”

“ತೋರಿಸಿದ್ರೆ ನೀನು ಬಿಸ್ಕತ್ತು ತೂಗೋಕೆ ಕೂರಿಸ್ತಿದ್ದೆ.”

“ಕೂರಿಸ್ತಿದ್ದೆ,” ಎಂದಳು ಅಕ್ಕ ಮುಚ್ಚುಮರೆಯಿಲ್ಲದೆ. “ಈಗಲೂ ಕೂರಿಸ್ಬೋದು. ಈ ಡಬ್ಬಿ ಹೊರಗೆ ಬರ್ಲಿ, ನೋಡೋಣ.”

ಅವಳು ವ್ಯಾನಿನವನಿಗೆ ಸ್ವಲ್ಪ ಕಾಯಲು ಕೂಗಿ ಹೇಳಿ, ಸ್ಟೂಲೆಳೆದು ಅಲ್ಲೇ ಕೂತಳು. ಮೂವರೂ ಓವನ್ನಿನ ಬಾಗಿಲನ್ನು ನೋಡುತ್ತಿದ್ದರು. ಹಾಡಿಲ್ಲದ ಬೇಕರಿಯಲ್ಲಿ ಹೊತ್ತು ಎಷ್ಟು ಉದ್ದವಾಗಿರುತ್ತದೆ ಎಂದು ರೇಡಿಯೋಗೆ ಅವತ್ತು ಗೊತ್ತಾಯಿತು.

“ಬಂತಾ?” ಎಂದ ಅವನು.

“ಇಲ್ಲ.”

“ಈಗ?”

“ಹೇಳ್ತೀನಿ ಇರಪ್ಪ. ನೀನು ಬಾಯಿ ತೆಗೆದ್ರೆ ಈರುಳ್ಳಿ ವಾಸನೆ ಅಡ್ಡ ಬರುತ್ತೆ.”

“ಬೆಳಗ್ಗೆ ತಿಂದಿದ್ದು ಅದು,” ಎಂದು ರೇಡಿಯೋ ಕೈಯಿಂದ ಬಾಯಿ ಮುಚ್ಚಿಕೊಂಡ.

ಕ್ರೀಮಣ್ಣನ ಮೂಗು ಒಮ್ಮೆ ಅರಳಿತು, ಮತ್ತೆ ಕುಗ್ಗಿತು. ರೇಡಿಯೋ ಆ ಮೂಗನ್ನು, ಪರೀಕ್ಷೆಯ ಫಲಿತಾಂಶದ ಬೋರ್ಡು ನೋಡುವ ಹಾಗೆ, ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅದು ಇನ್ನೊಮ್ಮೆ ಅರಳಿ, ಹಾಗೇ ನಿಂತಿತು.

“ಈಗ!”

ರೇಡಿಯೋ ಎಳೆದ. ಮುಚ್ಚಳ ಸರಿಸಿದ. ಜೇನಿನ ಬಣ್ಣ, ನಾಲ್ಕು ಮೂಲೆಯೂ ಸಮ. ಅಕ್ಕ ಎದ್ದು ಬಂದು ಒಂದನ್ನು ಮುರಿದು, ಒಳಗೆ ಬೆರಳೊತ್ತಿ ನೋಡಿ, ಉಳಿದವನ್ನು ಕಟ್ಟಲು ಸನ್ನೆ ಮಾಡಿದಳು. ಪರದೆಯ ಹತ್ತಿರ ಹೋಗಿ ತಿರುಗಿದಳು.

“ಸಂಜೆ ಡಾಕ್ಟ್ರ ಹತ್ರ ಹೋಗೋಣ. ಅಲ್ಲೀವರೆಗೆ ಒಲೆ ನಿಂದು, ಮೂಗು ಇವನ್ದು. ಹಾಡು ಬೇಕಾದ್ರೆ ಸರಿಮಾಡಿಸ್ಕೋ, ಆದ್ರೆ ಕೇಳೋಕೆ ಮಾತ್ರ, ಬೇಯಿಸೋಕಲ್ಲ.”

ಕ್ರೀಮಣ್ಣ ತನ್ನ ಮೇಜಿಗೆ ಹೋಗುತ್ತಾ ಒಂದು ಸೀನು ಸೀನಿದ. ಮೈದಾ ಧೂಳಿನ ಸೀನು, ಬೇಕರಿಯಲ್ಲಿ ಎಲ್ಲರೂ ದಿನಾ ಸೀನುವಂಥದ್ದು. ರೇಡಿಯೋನ ಕೈಯಲ್ಲಿದ್ದ ಡಬ್ಬಿ ಜಾರಿ ಟಣ್ಣೆಂದಿತು.

“ನೆಗಡಿ ಏನಲ್ಲ ತಾನೆ?” ಎಂದು ಓಡಿಹೋಗಿ ಅವನ ತೋಳು ಹಿಡಿದುಕೊಂಡ. “ರಾತ್ರಿ ಫ್ಯಾನ್ ಕೆಳಗೆ ಮಲಗ್ಬೇಡ ಮಾರಾಯ, ಬಿಸಿನೀರೇ ಕುಡಿ.”