ಬಕೆಟ್ ಗೇಟಿನ ಒಳಗಿರಲಿ

ನಮ್ಮ ಪಂಚಾಯತಿನಲ್ಲಿ ಕಸದ ಉಸ್ತುವಾರಿ ನನ್ನದು. ಬಕೆಟನ್ನು ಗೇಟಿನ ಹೊರಗಿಟ್ಟರೆ ದಂಡ ಎಂಬ ನಿಯಮ ಬಂದ ವಾರವೇ, ಶಿರ್ವದ ದಾರಿಯ ಒಂದು ಮನೆಯ ಮೇಲೆ ದೂರು ಬಂತು. ನಾಯಿಗಳು ಅವರ ಬಕೆಟ್ ಉರುಳಿಸಿ, ಬಂಗುಡೆ ಮೀನಿನ ತಲೆಗಳನ್ನು ರಸ್ತೆಯುದ್ದಕ್ಕೂ ಎಳೆದಾಡುತ್ತವಂತೆ.

ಹೋದೆ. ಮನೆಯ ಅಕ್ಕ ಗೇಟಿನಲ್ಲೇ ತಡೆದರು.

"ನಾವು ಮೀನು ಮಾಡುವುದು ಭಾನುವಾರ, ನಿಮ್ಮ ಗಾಡಿ ಬರುವುದು ಬುಧವಾರ. ಅಲ್ಲಿವರೆಗೆ ಆ ವಾಸನೆ ಒಳಗಿಟ್ಟುಕೊಂಡು ನಾವು ಎಲ್ಲಿಗೆ ಹೋಗುವುದು ಮಾರಾಯ್ರೆ?"

"ಅದೆಲ್ಲ ನನಗೆ ಗೊತ್ತಿಲ್ಲ ಅಕ್ಕ. ಒಳಗೆ ಇಡಬೇಕು, ಮುಚ್ಚಳ ಹಾಕಿ ಇಡಬೇಕು," ಎಂದು ಜೋರಿನಲ್ಲೇ ಹೇಳಿ ಬಂದೆ.

ಮುಂದಿನ ಮಂಗಳವಾರ ನೋಡಿದರೆ ರಸ್ತೆ ಸ್ವಚ್ಛ. ಗೇಟಿನ ಒಳಗಿದ್ದ ಬಕೆಟೂ ಖಾಲಿ.

"ಮೀನಿನ ಕಸ ಎಲ್ಲಿ ಅಕ್ಕ?"

ಅವರು ನನ್ನನ್ನು ಅಡುಗೆಮನೆಗೆ ಕರೆದು ಫ್ರೀಜರ್ ತೆರೆದರು. ಐಸ್‌ಕ್ರೀಂ ಡಬ್ಬಿಯಲ್ಲಿ ಬಂಗುಡೆ ತಲೆಗಳು ಕಲ್ಲಿನ ಹಾಗೆ ಕೂತಿದ್ದವು.

"ಒಳಗೆ ಉಂಟು. ಮುಚ್ಚಳವೂ ಉಂಟು. ಇನ್ನೆಂತ ಬೇಕು?"

ಇಬ್ಬರಿಗೂ ನಗು ಬಂತು.

"ಬಿಸಿಲಲ್ಲಿ ಬಂದಿದ್ದೀರಿ, ಸ್ವಲ್ಪ ಐಸ್‌ಕ್ರೀಂ ತಿನ್ನಿ," ಎನ್ನುತ್ತಾ ಪಕ್ಕದಲ್ಲಿದ್ದ ಅಂಥದ್ದೇ ಇನ್ನೊಂದು ಡಬ್ಬಿ ತೆಗೆದರು.

ಮುಚ್ಚಳ ತೆರೆಯುವ ತನಕ ನಾನು ಹೂಂ ಅನ್ನಲಿಲ್ಲ.