ಪಚಮಾಮನಿಗೆ ಅರವತ್ತು ದಿನ

ನರ್ಸ್ ನಿಕನೋರಾಳ ಬಾಯಿ ಎಂಥದ್ದು ಅಂತ ಕೊಚಬಾಂಬದ ಆ ಕಣಿವೆಗೆಲ್ಲ ಗೊತ್ತು. ಯಾರಾದರೂ ಮಾತ್ರೆ ತಪ್ಪಿಸಿದರೆ ಸಾಕು, ಸೈಕಲ್ ತುಳಿದುಕೊಂಡು ಹೋಗಿ ಅಂಗಳದಲ್ಲೇ ನಿಂತು ಮಂಗಳಾರತಿ ಮಾಡುತ್ತಿದ್ದಳು. ಸುಮ್ಮಸುಮ್ಮನೆ ಬಂದ ಸಿಟ್ಟಲ್ಲ ಅದು. ಮಣ್ಣುಗೋಡೆಯ ಬಿರುಕಲ್ಲಿ ಅಡಗುವ ವಿಂಚೂಕಾ ತಿಗಣೆಯಿಂದ ಕ್ರಿಮಿ ರಕ್ತಕ್ಕೆ ಸೇರಿ, ವರ್ಷಗಳ ಮೇಲೆ ಅವಳ ಅವ್ವನ ಗುಂಡಿಗೆ ಊದಿ ನಿಂತುಹೋಗಿತ್ತು. ಆಗ ಈ ಕಡೆಗೆ ಮಾತ್ರೆಯೇ ಬರುತ್ತಿರಲಿಲ್ಲ.

ಹೊಸ ಮದುವಣಗಿತ್ತಿ ಕಸಿಮಿರಾಳ ರಕ್ತದಲ್ಲೂ ಅದೇ ಕ್ರಿಮಿ ಸಿಕ್ಕಿತು.

"ಸಿಸ್ಟರಮ್ಮ, ನನಗೇನಾದರೂ ಆಗಲಿ, ನಾಳೆ ಹುಟ್ಟೋ ಮಗೂಗೆ ಇದು ಹೋಗಬಾರದು," ಅಂತ ಅತ್ತಳು.

"ಅದಕ್ಕೇ ಮೊದಲು ಮಾತ್ರೆ, ಆಮೇಲೆ ಬಸಿರು. ಅರವತ್ತು ದಿನ, ಎರಡು ಹೊತ್ತು, ಊಟ ಆದಮೇಲೆ. ಈ ಮಾತ್ರೆಗೂ ಹೆಂಡಕ್ಕೂ ಆಗಿಬರಲ್ಲ, ಅಲ್ಲೀವರೆಗೆ ಚಿಚಾ ಒಂದು ಹನಿ ಕುಡಿದೆಯೋ, ನೋಡು ಮತ್ತೆ!"

"ಅಯ್ಯೋ, ನಮ್ಮತ್ತೆ ಮೆಕ್ಕೆಜೋಳದ ಚಿಚಾ ಮಾಡಿ ಮಾರೋಳು! ಬೇಡ ಅಂದರೆ ಮುಖಕ್ಕೆ ಉಗಿದ ಹಾಗೆ. ಕಾಯಿಲೆ ಸುದ್ದಿ ಅವಳಿಗೆ ಹೇಳಬೇಡಿ, ನಿಮಗೆ ಕೈ ಮುಗೀತೀನಿ."

ನಿಕನೋರಾ ಮಾತು ಕೊಟ್ಟಳು. ಹತ್ತನೇ ದಿನ ಹುಡುಗಿಯ ತೋಳಿನ ತುಂಬ ಕೆಂಪು ಗಂಧೆ ಎದ್ದಾಗ ಡಾಕ್ಟರನ್ನು ಕೇಳಿ ತುರಿಕೆಗೆ ಔಷಧಿ ಕೊಟ್ಟಳು, ದಿನಾ ಹೋಗಿ ನೋಡಿದಳು. ಅಂತೂ ಮಾತ್ರೆ ನಿಲ್ಲಲಿಲ್ಲ.

ನಲವತ್ತೆರಡನೇ ದಿನ ಕಸಿಮಿರಾಳ ಮನೆಗೆ ಹೊಸ ಹೆಂಚು ಹೊದಿಸಿದ ಊಟ. ಅತ್ತೆ ಸತುರ್ನಿನಾ ಸೋರೆಬುರುಡೆಯ ಬಟ್ಟಲು ತುಂಬಿಸಿ ಸೊಸೆಯ ಮುಂದೆ ಹಿಡಿದಳು.

"ಒಂದು ತಿಂಗಳಿಂದ ನೋಡ್ತಿದೀನಿ, ಏನೋ ಒಂದು ನೆಪ! ನನ್ನ ಕೈಯ ಚಿಚಾ ನಿನಗೆ ಅಸಹ್ಯವೇನೇ?"

ಮಂದಿಯೆಲ್ಲ ತಿರುಗಿ ನೋಡಿದರು. ಕಸಿಮಿರಾ ಬಟ್ಟಲನ್ನು ತುಟಿಯ ಹತ್ತಿರ ತಂದಳು. ಊಟಕ್ಕೆ ಬಂದಿದ್ದ ನಿಕನೋರಾ ಎದ್ದು ಬಂದಳು. ಇಲ್ಲಿ ಕುಡಿಯುವ ಮುಂಚೆ ಎಲ್ಲರೂ ನೆಲಕ್ಕೆ ನಾಲ್ಕು ಹನಿ ಚೆಲ್ಲುತ್ತಾರೆ, ಭೂತಾಯಿ ಪಚಮಾಮನ ಪಾಲು ಅಂತ. ಅದೇ ಅವಳಿಗೆ ಹೊಳೆಯಿತು.

"ಏ ಹುಡುಗಿ, ಹರಕೆ ಮರೆತೆಯಾ? ಮಗುವಿಗೋಸ್ಕರ ಅರವತ್ತು ದಿನ ನಿನ್ನ ಬಟ್ಟಲೆಲ್ಲ ಪಚಮಾಮನಿಗೇ ಅಂದಿದ್ದೆಯಲ್ಲ!"

ಕಸಿಮಿರಾ ಥಟ್ಟನೆ ಬಟ್ಟಲು ಬಗ್ಗಿಸಿ ಪೂರ್ತಿ ನೆಲಕ್ಕೆ ಸುರಿದಳು. ಸತುರ್ನಿನಾ ನರ್ಸಿನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಬಟ್ಟಲನ್ನು ಮತ್ತೆ ತುಂಬಿಸಿದಳು.

"ಸುರಿ ಮಗಳೇ. ಇನ್ನೊಂದು ಸುರಿ."

ಮಾರನೇ ಬೆಳಗ್ಗೆ ಆಕೆ ಆರೋಗ್ಯ ಕೇಂದ್ರಕ್ಕೆ ಬಂದು ತೋಳು ಚಾಚಿ ಕೂತಳು. "ನನ್ನ ರಕ್ತಾನೂ ನೋಡು. ಮೂರು ಹಸುಳೆ ಮಣ್ಣಿಗಿಟ್ಟವಳು ನಾನು. ಇಂಥ ಹರಕೆ ನನಗೆ ಹೇಳಿಕೊಡೋರು ಯಾರೂ ಇರಲಿಲ್ಲ."

ನಿಕನೋರಾ ಸೂಜಿ ತಂದು ಆಕೆಯ ಪಕ್ಕ ಕೂತಳು. ಉಳಿದ ಹದಿನೆಂಟು ದಿನ ಸೊಸೆಗೆ ಎರಡೂ ಹೊತ್ತು ಮಾತ್ರೆ ನುಂಗಿಸಿದವಳು ಅತ್ತೆಯೇ.

ಎರಡು ವರ್ಷದ ಮೇಲೆ, ಕಸಿಮಿರಾಳ ಹತ್ತು ತಿಂಗಳ ಕೂಸಿನ ರಕ್ತ ಪರೀಕ್ಷೆಯ ಚೀಟಿಯನ್ನು ನಿಕನೋರಾ ಅವರ ಮನೆಗೇ ತಂದಳು. ಕ್ರಿಮಿ ಇಲ್ಲ. ಕಸಿಮಿರಾ ನರ್ಸನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಸತುರ್ನಿನಾ ಕೊಡದಿಂದ ಬಟ್ಟಲು ತುಂಬಿಸಿ ಮುಂದೆ ಹಿಡಿದಳು.

"ಬೇಡಮ್ಮ, ಡ್ಯೂಟಿಲಿದೀನಿ!" ಅಂದಳು ನಿಕನೋರಾ.

"ನಿನ್ನನ್ನ ಕುಡಿ ಅಂದೋರು ಯಾರೇ? ಸುರಿ!"

ನಿಕನೋರಾ ಅಂಗಳಕ್ಕಿಳಿದು, ಅವ್ವನ ಹೆಸರು ಹೇಳಿ, ಬಟ್ಟಲು ಬಗ್ಗಿಸಿದಳು.